ಏಳನೇ ಮಂಚದ ಎಡಗೈ

ಆಕ್ರೋಟಿನ ಹಾಗಿದೆ ಅಂತ ಯಾರೂ ಅನ್ನಕೂಡದು,
ಇದು ನಜಿಬ್ರೋಲಾ ಮೇಡಂ ಹಾಕಿದ ಮೊದಲ ಕಟ್ಟಳೆ.
ಬದನೆಗೂ ಆಕ್ರೋಟು ಕೋಳಿಗೂ ಆಕ್ರೋಟು ಅರೆಯುವ
ನಮ್ಮ ಕುತೈಸಿಯಲ್ಲಿ
ಒಮ್ಮೆ ಅಂದರೆ ಮುಗಿಯಿತು, ರಾತ್ರಿಯ ಊಟ ಸೇರದು.

ಬಕೆಟ್ಟಿನಿಂದೆತ್ತಿ ಕೈಗಿಟ್ಟರು.
ಫಾರ್ಮಲಿನ್ ಕಣ್ಣಿಗಡರಿ ಎಲ್ಲರೂ ಅತ್ತೆವು,
ದುಃಖವಿಲ್ಲದೆ.
ಒಂದೂಕಾಲು ಕಿಲೋ. ತಣ್ಣಗೆ. ಗಟ್ಟಿ ಗಿಣ್ಣಿನ ಹದ.
ಜೀವವಿದ್ದಾಗ ಇಷ್ಟು ಬಿಗಿಯಿರುವುದಿಲ್ಲ,
ಬೆರಳಿಟ್ಟರೆ ಗುರುತು ಉಳಿಯುತ್ತದೆ, ಎಂದರು.
ಇದರಲ್ಲಿ ಯಾರ ಗುರುತು ಉಳಿದಿತ್ತೋ
ಯಾರೂ ಕೇಳಲಿಲ್ಲ.

ಚಳಿಗಾಲವಿಡೀ ಬಾಯಿಪಾಠ.
ಹನ್ನೆರಡು ಕಪಾಲನರಗಳಿಗೆ ಸೀನಿಯರುಗಳು ಕಟ್ಟಿದ ಸೂತ್ರ
ಅಜ್ಜಿಯೆದುರು ಹೇಳುವಂಥದ್ದಲ್ಲ.
ಹೇಳಿದೆ.
ನರ್ಸಾಗಿದ್ದವಳು, ನಕ್ಕಳು:
ನಮ್ಮ ಕಾಲದ್ದು ಇದಕ್ಕಿಂತ ಹೊಲಸಿತ್ತು ಕಣೇ.

ನಡುಮಿದುಳಿನಲ್ಲಿ ಒಂದು ಕಪ್ಪು ಪಟ್ಟಿ.
ಅದು ಮಾಸಿದಷ್ಟೂ ಹೆಜ್ಜೆ ಗಿಡ್ಡ, ಅಕ್ಷರ ಗಿಡ್ಡ,
ಮುಖದ ಮೇಲೆ ನಗು ಬರಲು ದಾರಿ ದೂರ.
ನಮ್ಮ ಮೂರನೇ ಮಹಡಿಯ ಮಾಲ್ಖಾಜ್,
ಊರಿನ ಗಡಿಯಾರಗಳನ್ನೆಲ್ಲ ರಿಪೇರಿ ಮಾಡಿದವನು,
ಈಗ ಹೆಬ್ಬೆರಳಿಗೆ ತೋರುಬೆರಳು ತಿಕ್ಕುತ್ತ ಕೂತಿದ್ದಾನೆ,
ಇಲ್ಲದ ಕೈಗಡಿಯಾರಕ್ಕೆ
ಇನ್ನೂ ಕೀಲಿ ಕೊಡುತ್ತ.

ದಾರಿಗಳು ದಾಟುತ್ತವೆ, ಪಾಠದ ಜೀವವೇ ಇದು.
ಬಲಮಿದುಳಿನ ಅಪ್ಪಣೆ ಮೆಡುಲ್ಲಾದ ಇಕ್ಕಟ್ಟಿನಲ್ಲಿ
ಮಗ್ಗುಲು ಬದಲಿಸಿ ಎಡಗೈಗಿಳಿಯುತ್ತದೆ.
ಬಿಳಿ ಸೇತುವೆಯ ಮೇಲೆ ಬೆಳಿಗ್ಗೆ ಎಂಟಕ್ಕೆ
ಈ ದಂಡೆಯವರು ಆ ದಂಡೆಗೆ ಕೆಲಸಕ್ಕೆ,
ಆ ದಂಡೆಯವರು ಈ ದಂಡೆಗೆ.
ಯಾಕೆ ಅಂತ ಕೆಳಗೆ ಹರಿಯುವ ರಿಯೋನಿಗೂ ಗೊತ್ತಿಲ್ಲ.

ಮಾರ್ಚಿನಲ್ಲಿ ವಾರ್ಡಿಗೆ ಬಿಟ್ಟರು.
ಏಳನೇ ಮಂಚ: ಇರೋದಿ, ಅರವತ್ತೆಂಟು, ರೊಟ್ಟಿ ಸುಡುವವನು.
ಕಿಚ್ಚಿಗೆ ಕೂದಲು ಸೀದು ನುಣ್ಣಗಾದ ಮುಂಗೈ.
ಬೆಳಗಿನ ನಾಲ್ಕಕ್ಕೆ
ಹೂತ ಒಲೆಯ ಬಾಯಿಗೆ ಹಿಟ್ಟು ಬಡಿಯಲು ಬಗ್ಗಿದವನು
ತಾನಾಗಿ ಏಳಲಿಲ್ಲ.

ಬಲಗೆನ್ನೆಯಷ್ಟೇ ಬೋಳಿಸಿಕೊಂಡಿದ್ದ.
ತಟ್ಟೆಯ ಬಲ ಅರ್ಧ ಬಳಿದು ಖಾಲಿ,
ಎಡ ಅರ್ಧದಲ್ಲಿ ಬೀನ್ಸು ಆರುತ್ತಿತ್ತು.
ಹೊಟ್ಟೆಗೆ ಕೊಡುವುದಿಲ್ಲ ಎಂದು ನರ್ಸಿಗೆ ಬೈಗುಳ.
ತಟ್ಟೆ ತಿರುಗಿಸಿಟ್ಟೆ.
ನೀನಾದರೂ ತಂದೆಯಲ್ಲ ಹುಡುಗಿ,
ಎಂದು ಉಂಡ.

ಪುಸ್ತಕದಲ್ಲಿದ್ದ ಹಾಗೆಯೇ
ಅವನ ಎಡಗೈ ಎತ್ತಿ ಹಿಡಿದು ಕೇಳಿದೆ:
ಇದು ಯಾರ ಕೈ?
ಕೈಯನ್ನು ನೋಡಿದ. ನನ್ನನ್ನು ನೋಡಿದ,
ಸ್ವಲ್ಪ ಕನಿಕರದಿಂದ.
ಗೋಚಾನದು. ನನ್ನ ತಮ್ಮ.
ದಣಿದು ಮಲಗಿದ್ದಾನೆ,
ಎಬ್ಬಿಸಬೇಡ.

ಜಾಗ ಹೇಳು, ಎಂದರು ಮೇಡಂ.
ಬಲ ಪರೈಟಲ್ ಲೋಬು, ನಡುಮಸ್ತಿಷ್ಕದ ಧಮನಿ, ಹೆಪ್ಪು,
ಒಂದೇ ಉಸಿರಿನಲ್ಲಿ.
ಸರಿ.
ಇನ್ನೇನಾದರೂ ಕೇಳಿಯಾರು ಎಂದು ನಿಂತೇ ಇದ್ದೆ.
ಅವರಾಗಲೇ ಎಂಟನೇ ಮಂಚದಲ್ಲಿದ್ದರು,
ಮೂರ್ಛೆ ತಿಳಿದೆದ್ದ ಹುಡುಗ
ಕಚ್ಚಿಕೊಂಡ ನಾಲಗೆಯಲ್ಲಿ ಅಮ್ಮನನ್ನು ಕರೆಯುತ್ತಿದ್ದ.

ಕಾರಿಡಾರಿನಲ್ಲಿ ಹೆಂಡತಿ ತ್ಸಿಸಾನಳನ್ನು ಕೇಳಿದೆ,
ಗೋಚಾ ಬರುವುದಿಲ್ಲವೇ ನೋಡಲು?
ಯಾವ ತಮ್ಮ? ಇವನೊಬ್ಬನೇ ಮಗ.
ಗೋಚಾ ಅಂತ ನಮ್ಮಲ್ಲಿದ್ದದ್ದು ಕತ್ತೆ,
ಹಿಟ್ಟಿನ ಮೂಟೆ ಹೊರುತ್ತಿತ್ತು,
ಸತ್ತು ಇಪ್ಪತ್ತು ವರ್ಷ.
ನಕ್ಕಳು. ನಗು ನಿಲ್ಲಿಸಲಾಗದೆ
ಸೆರಗಿಲ್ಲದ್ದಕ್ಕೆ ಕರ್ಟನ್ನಿನಲ್ಲಿ ಮುಖ ಒರೆಸಿದಳು.

ರಾತ್ರಿ ಪಾಳಿ.
ದೀಪ ತಗ್ಗಿಸಿದ ವಾರ್ಡಿನಲ್ಲಿ ಇರೋದಿ
ಬಲಗೈಯಿಂದ ಕಂಬಳಿ ಎಳೆದೆಳೆದು
ಎಡಗೈಗೆ ಹೊದಿಸುತ್ತಿದ್ದ,
ನಾದಿಟ್ಟ ಹಿಟ್ಟಿಗೆ ಬಟ್ಟೆ ಮುಚ್ಚುವಂತೆ,
ಅಂಚು ಒತ್ತಿ.
ಬೆರಳು ತೂರಿಸಿ ಮಣಿಕಟ್ಟು ಹಿಡಿದೆ.
ಬೆಚ್ಚಗಿತ್ತು.
ನಾಡಿ ಎಪ್ಪತ್ತೆರಡು ಅಂತ ಬರೆದು
ಯಾರ ಹೆಸರಿಗೆ ಎಂದು
ಒಂದು ಗಳಿಗೆ ಪೆನ್ನು ಎತ್ತಿ ಹಿಡಿದೆ.