ಇಳಿತದ ಹೊತ್ತಿಗೆ ಬಂದವನು

ಹನ್ನೊಂದಕ್ಕೆ ಬರಬೇಕಿದ್ದ ನಟ ಹನ್ನೊಂದಕ್ಕೇ ಬಂದ.
ಬಾರದೆ ಇದ್ದದ್ದು ಹೊಳೆ.

ಅಘನಾಶಿನಿ ಅಷ್ಟೊತ್ತಿಗೆ ದೂರ ಸರಿದು
ಕೆಸರು ತೋರಿಸಿಕೊಂಡು ಮಲಗಿದ್ದಳು.
ಮರಿ ಬಿಡಬೇಕು, ಫೋಟೋ ಆಗಬೇಕು,
ಮೀನಿಗೂ ಹೊಳೆಗೂ ದುಡ್ಡು ಕೂಡಬೇಕು.
ಪಂಚಾಂಗ ನೋಡಿ ದಿನ ಇಟ್ಟವರು
ಭರತಿ ಕೇಳುವುದನ್ನು ಮರೆತಿದ್ದರು.
ನಮ್ಮನ್ನು ಕೇಳಿದ್ದರೆ ಹೇಳುತ್ತಿದ್ದೆವು.

"ಇಷ್ಟೇ ತಾನೆ" ಎಂದು ಆತ ಇಳಿದೇಬಿಟ್ಟ,
ಬಿಳಿ ಬೂಟಿನಲ್ಲಿ.
ಮೂರನೇ ಹೆಜ್ಜೆಗೆ ಮೊಣಕಾಲು.
ಎಳೆದೆವು. ಕಾಲು ಬಂತು, ಬೂಟು ಬರಲಿಲ್ಲ.

ಅಂಬಿಗರ ತುಳಸು ಕಚ್ಚೆ ಬಿಗಿದು
ಬಳಚು ಹುಡುಕುವ ಹಾಗೆ ಕಾಲಲ್ಲೇ ತಡವಿ
ಎತ್ತಿಕೊಟ್ಟಳು. ಒಳಗೊಂದು ಏಡಿಮರಿ.
ತದಡಿಯಲ್ಲಿ ಮೀನು ಕೂಗುವ ಬೊಮ್ಮಯ್ಯನಿಗೆ
ಬಾಯಿ ತಡೆಯಲಿಲ್ಲ:
"ಒಂದು ಸಾವಿರ! ಯಾರು ಮೇಲೆ?"
ಸಾವಿರ ಹತ್ತಾಯಿತು, ಇಪ್ಪತ್ತೊಂದಾಯಿತು,
ಕುಮಟೆಯ ಬಟ್ಟೆ ಅಂಗಡಿ ಶಾನಭಾಗರು ನಲವತ್ತಕ್ಕೆ ನಿಂತರು.
ಏಡಿ ಲೆಕ್ಕಕ್ಕಿಲ್ಲ ಎಂದು ತುಳಸು
ಮೊದಲು ಅದನ್ನು ಕೆಸರಿಗೆ ಕೊಡವಿದಳು.

ನಟ ನಕ್ಕ. ಚೆನ್ನಾಗಿಯೇ ನಕ್ಕ,
ಕ್ಯಾಮೆರಾ ಆಚೆ ತಿರುಗಿದ್ದಾಗ.
ಮೂರೂವರೆಯ ತನಕ ದೋಣಿಯಂಚಿನಲ್ಲಿ
ಬರಿಗಾಲಲ್ಲಿ ಕೂತು ಭರತಿ ಕಾದ,
ಶೆಟ್ಲಿ ಸಾರಿನಲ್ಲಿ ಅನ್ನ ಉಂಡ,
ಕೈಯಾರೆ ಮರಿ ಬಿಟ್ಟು ಹೋದ.
ಇನ್ನೊಂದು ಬೂಟು ಅವನ ಜೊತೆ ಹೋಯಿತು. ಯಾತಕ್ಕೋ.

ಮರುದಿನ ಇಳಿತದಲ್ಲಿ ಹೋಗಿ ನೋಡಿದೆ:
ಆತನ ಕಾಲು ಹೂತಿದ್ದ ಗುಂಡಿ ಹಾಗೇ ಇದೆ,
ಅದರಲ್ಲಿ ಅಂಗೈಯಗಲ ನೀರು,
ಎರಡು ನೊಗ್ಲಿ ಮರಿ.
ನಾವು ಬಿಟ್ಟವಲ್ಲ.