ಮಲಗಿದಾಗಿನ ಅಳತೆ

ಒಡೀಲ್ ಪೆರ್ನೂ ನಮ್ಮ ಕಾರ್ಖಾನೆಗೆ ಬಂದದ್ದು
ನವೆಂಬರಿನ ಒಂದು ಮಂಗಳವಾರ.
ಜೂರಾ ಬೆಟ್ಟದ ಹಿಮ ಇನ್ನೂ ರಸ್ತೆಗಿಳಿದಿರಲಿಲ್ಲ.
ಎಡಗಾಲ ಬೂಟು ಕಳಚಿ ಮೇಜಿನ ಮೇಲಿಟ್ಟರು,
ನನ್ನ ನಕ್ಷೆಗಳ ಮೇಲೆಯೇ.
ಒಳಗಿಂದ ಕಾರ್ಕಿನ ತುಂಡೊಂದನ್ನು ಎಳೆದು
"ಒಂಬತ್ತು ಮಿಲಿಮೀಟರ್" ಎಂದರು,
"ನಿಮ್ಮವರು ಮರೆತದ್ದು."

ನಮ್ಮವರಲ್ಲ, ಎನ್ನಲಿದ್ದೆ. ಆ ಸೊಂಟದ ಕೀಲು
ಬೇರೆ ಕಂಪನಿಯದು, ಬೇರೆ ಆಸ್ಪತ್ರೆಯದು.
ಹೇಳಲಿಲ್ಲ. ಬೂಟು ಇನ್ನೂ ಬೆಚ್ಚಗಿತ್ತು.

ತೋರಿಸಿದೆ:
ತೊಡೆಮೂಳೆಯೊಳಗೆ ಇಳಿಯುವ ಟೈಟೇನಿಯಂ ಕಾಂಡ,
ಅದರ ಕತ್ತಿನಲ್ಲಿ ಅಡಗಿದ ತಿರುಪು,
ಕಾಲು ಸುತ್ತಿಗೆ ಒಂದೂವರೆ ಮಿಲಿಮೀಟರ್.
ಹೊಲಿಗೆ ಒಣಗಿದ ಮೇಲೂ
ದಬ್ಬಣ ತೂರುವಷ್ಟು ತೂತಿನಿಂದ
ಉದ್ದ ಮಾಡಬಹುದು, ಗಿಡ್ಡ ಮಾಡಬಹುದು.
ಪರದೆಯ ಮೇಲೆ ಯಾರದೋ ಎಲುಬು ತಿರುಗಿಸಿದೆ:
ಹಸಿರು ಗೆರೆ, ನೀಲಿ ಗೆರೆ,
ಬಟ್ಟಲಿನ ಓರೆ ನಲವತ್ತು ಡಿಗ್ರಿ,
ಛಾವಣಿಯಿಂದ ಎರಡು ಕ್ಯಾಮೆರಾ ಕಣ್ಣು
ಡಾಕ್ಟರ ಕೈಯನ್ನು ಕೂದಲೆಳೆಯಷ್ಟೂ ಜಾರಗೊಡದೆ ಕಾಯುತ್ತವೆ.

ಒಡೀಲ್ ಕನ್ನಡಕ ಹಣೆಗೇರಿಸಿದರು.
ಸ್ಯೂಜ್ ಕಣಿವೆಯ ಗಡಿಯಾರ ಕಾರ್ಖಾನೆಯಲ್ಲಿ
ಮೂವತ್ತೆಂಟು ವರ್ಷ ಹೊಂದಿಸುವ ಕೆಲಸ ಅವರದು.
"ಮಲಗಿಸಿ ಅಳೆದಿರೋ?"
ಹೌದು, ಎಂದೆ. ಎಲ್ಲರನ್ನೂ ಮಲಗಿಸಿಯೇ.
"ಮಲಗಿದ ಗಡಿಯಾರ ಸುಳ್ಳು ಹೇಳುವುದು ಕಡಿಮೆ, ಹುಡುಗಿ."

ನನ್ನ ಕೈಗಡಿಯಾರ ಬಿಚ್ಚಿಸಿಕೊಂಡು
ಆರು ಸಲ ಇಟ್ಟರು, ಆರು ಥರ:
ಮುಖ ಮೇಲೆ, ಮುಖ ಕೆಳಗೆ,
ಆಮೇಲೆ ಅಂಚಿನ ಮೇಲೆ ನಿಲ್ಲಿಸಿ ನಾಲ್ಕು ದಿಕ್ಕಿಗೆ ನಾಲ್ಕು.
ಪ್ರತಿ ಸಲವೂ ಕಿವಿ ತಗ್ಗಿಸಿದರು.
"ಅಂಗಾತ ಬಿದ್ದಾಗ ಒಂದು ನಡೆ,
ನಿಂತಾಗ ಇನ್ನೊಂದು. ಭೂಮಿ ಸುಮ್ಮನೆ ಬಿಟ್ಟೀತೇ?
ನಾನೂ ಹಾಗೆಯೇ. ನಾನಿರುವುದು
ಬೇಕರಿಯ ಮೆಟ್ಟಿಲ ಮೇಲೆ, ಚರ್ಚಿನ ಗಟ್ಟಿ ಬೆಂಚಿನ ಮೇಲೆ,
ಈರುಳ್ಳಿ ಪಾತಿಯಲ್ಲಿ ಬಗ್ಗಿಕೊಂಡು.
ನಿಮ್ಮ ಕಂಪ್ಯೂಟರಿಗೆ ಆ ಹೆಂಗಸಿನ ಪರಿಚಯವುಂಟೇ?"

ಇರಲಿಲ್ಲ.

ನಿಮಗೆ ಮತ್ತೆ ಮಾಡಿಸಬಹುದು, ಹೊಸದು ಸಿದ್ಧವಾದಾಗ, ಎಂದೆ.
"ಎಂಬತ್ತೊಂದಕ್ಕೋ? ಈ ಕಾರ್ಕು ಸಾಕು."
ಬೂಟು ಮೆಟ್ಟಿಕೊಂಡು ಇಳಿದು ಹೋದರು.
ಮೆಟ್ಟಿಲು ಹತ್ತೊಂಬತ್ತು. ಎಣಿಸಿದೆ:
ಟಕ್ಕಿಗಿಂತ ಟೊಕ್ಕು ತುಸು ಉದ್ದ.
ಗಡಿಯಾರ ಅವರ ಕೈಯಲ್ಲೇ ಹೋಯಿತು.

ಆ ವಾರ ಹನ್ನೆರಡು ಜನರ
ಕೂತ ಎಕ್ಸ್‌ರೇ, ನಿಂತ ಎಕ್ಸ್‌ರೇ ತರಿಸಿದೆ.
ಕೂತಾಗ ಸೊಂಟದ ಬೋಗುಣಿ ಹಿಂದಕ್ಕೆ ವಾಲುತ್ತದೆ,
ಕೆಲವರದು ಹುಣಸೆಕಾಯಿಯ ಹಾಗೆ ಬಾಗಿಯೇ ಇದ್ದು
ಅಲುಗುವುದೇ ಇಲ್ಲ.
ಪರದೆಯ ನಲವತ್ತು ಯಾರ ನಲವತ್ತು?
ಹಸಿರು ಗೆರೆಯನ್ನು ಅಳಿಸಿ
ಒಂದು ಪಟ್ಟಿ ಬರೆದೆ, ಅಗಲದ ಪಟ್ಟಿ,
ಒಬ್ಬೊಬ್ಬರಿಗೆ ಒಂದೊಂದು.

ಹಿಂದಿನ ಕೋಣೆಯಲ್ಲಿ, ಉಪ್ಪುನೀರಿನ ತೊಟ್ಟಿಯಲ್ಲಿ,
ಮೈಬಿಸಿಯಷ್ಟು ಬಿಸಿಯಲ್ಲಿ
ನಮ್ಮ ಕಾಂಡ ಹಗಲಿರುಳು ನಡೆಯುತ್ತದೆ.
ಕಾಲಿಲ್ಲ, ದಾರಿಯಿಲ್ಲ, ಹೆಜ್ಜೆ ಮಾತ್ರ.
ಮೊದಲನೆಯದು ಮೂವತ್ತೊಂದು ಲಕ್ಷಕ್ಕೆ ಬಿರಿಯಿತು,
ತಿರುಪಿನ ಬುಡದಲ್ಲಿ, ಹೊಂದಿಸಲೆಂದು ಬಿಟ್ಟ ಅದೇ ಜಾಗದಲ್ಲಿ.
ಎರಡನೆಯದರಿಂದ ಕಪ್ಪು ಮಸಿ ಸೋರಿತು,
ಲೋಹ ಲೋಹವನ್ನು ತಿಂದ ಎಂಜಲು.
ಬಗ್ಗಬಲ್ಲ ಕಡೆಯೇ ಮುರಿಯುವುದು—
ಇದನ್ನು ಗಾದೆ ಮಾಡಲು ನನಗಿಷ್ಟವಿಲ್ಲ.
ಬುಡದ ಮೂಲೆಯನ್ನು ಅರ್ಧ ಮಿಲಿಮೀಟರ್ ದುಂಡಗೆ ಮಾಡಿದೆ,
ತಿರುಪಿನ ಸುತ್ತು ಒಂದು ಕಡಿಮೆ ಮಾಡಿದೆ.
ಮೂರನೆಯದು ಈ ಹೊತ್ತಿಗೆ ಎಪ್ಪತ್ತೆರಡು ಲಕ್ಷ.
ಕೋಟಿ ಮುಟ್ಟಬೇಕು. ರಾತ್ರಿ ಫೋನು ಬಂದರೆ ಎದೆ ಝಲ್ಲೆನ್ನುತ್ತದೆ.

ಜನವರಿಯಲ್ಲಿ ಅಂಚೆಯಲ್ಲಿ ಬಂತು ಗಡಿಯಾರ,
ಹತ್ತಿಯಲ್ಲಿ ಸುತ್ತಿ, ಬೆಂಕಿಪೊಟ್ಟಣದೊಳಗೆ.
ಜೊತೆಗೊಂದು ಚೀಟಿ, ಇರುವೆ ಸಾಲಿನ ಅಕ್ಷರ:
ಆರು ಭಂಗಿ, ಆರು ಅಂಕಿ,
ಯಾವುದೂ ದಿನಕ್ಕೆ ಮೂರು ಸೆಕೆಂಡು ದಾಟಿಲ್ಲ.
ಕೆಳಗೆ ಏಳನೆಯ ಸಾಲು—
ಈರುಳ್ಳಿ ಪಾತಿ: ಹಿಮ ಕರಗಲಿ, ನೋಡೋಣ.