ನಲವತ್ತನಾಲ್ಕರಲ್ಲಿ ಎರಡು

ತಿಪಟೂರು, ಕೋಡಿ ಸರ್ಕಲ್ಲು, ಲಾಡ್ಜಿನ ಮೇಲಂತಸ್ತು.
ಮದುವೆಗೆ ಬಾಡಿಗೆ ಕೊಡುವ ಹಾಲು;
ಹಿಂದಿನ ವಾರದ ಬೀಗರೂಟದ ವಾಸನೆ
ಪರದೆ ಬಿಟ್ಟು ಇನ್ನೂ ಹೋಗಿರಲಿಲ್ಲ.
ಎಂಟು ಮೇಜು, ಅರವತ್ತು ಜನ, ತಲೆಗೆ ಐನೂರು.
ಮೊದಲ ಬಹುಮಾನ ಒಂಟಿ ಬಾಗಿಲ ಫ್ರಿಜ್ಜು,
ಕೆಂಪನೆಯದು, ರಿಬ್ಬನ್ನು ಕಟ್ಟಿಸಿಕೊಂಡು
ಹಸೆಮಣೆ ಹಾಕುವ ಜಾಗದಲ್ಲೇ ನಿಂತಿತ್ತು.

ಮನೆಯಲ್ಲಿ ಗಂಗಾಂಬಿಕೆ
ರಾಗಿಹಿಟ್ಟಿನ ಡಬ್ಬ ಸರಿಸಿ ಅದಕ್ಕೆ ಜಾಗ ಮಾಡಿದ್ದಳು.

ಅವಳ ನಂಬಿಕೆಗೆ ಕಾರಣವಿದೆ.
ಮೂವತ್ತೊಂದು ವರ್ಷ ಮಂಡಿಯಲ್ಲಿ ಕಾಯಿ ಕುಲುಕಿದವನು ನಾನು.
ಕಿವಿಯ ಹತ್ತಿರ ಹಿಡಿದು ಒಂದೇ ಸಲ:
ಗುಳುಗುಳು ಅಂದರೆ ನೀರು, ಅಟ್ಟಕ್ಕೆ ವಾಪಸು;
ಲೊಟಲೊಟ ಅಂದರೆ ಗಿಟುಕು, ಸುಲಿಯೋಕೆ ಹಾಕು;
ಸದ್ದೇ ಇಲ್ಲದಿದ್ದರೆ ಒಳಗೆ ಕೌಟು,
ಇಲ್ಲವೇ ನನ್ನ ಕಿವಿಗೆ ವಯಸ್ಸು.

ಮೇಜಿನ ಸುತ್ತ ಕೂತವರನ್ನೂ ಹಾಗೇ ಕುಲುಕುತ್ತೇನೆ,
ಕೈ ಹಚ್ಚದೆ.
ಕಡ್ಡಿಪುಡಿ ಜೋರಾಗಿ ಅಗಿದರೆ ಎಲೆ ಖಾಲಿ.
ಬಿಲ್ಲೆಗಳನ್ನು ಮೆಲ್ಲಗೆ ಜೋಡಿಸತೊಡಗಿದರೆ
ಒಳಗೆ ಏನೋ ಒಣಗಿ ಬಿಟ್ಟುಕೊಂಡಿದೆ.
ಹೀಗೇ ಐವತ್ತೆಂಟು ಜನ ಮೆಟ್ಟಿಲಿಳಿದು ಹೋದರು.

ಉಳಿದವನು ಮುದಸ್ಸಿರ್,
ಬಸ್ ಸ್ಟ್ಯಾಂಡಿನ ಜ್ಯೂಸ್ ಗಾಡಿ ಹುಡುಗ.
ಬೆರಳಿನಲ್ಲಿ ಮೋಸಂಬಿ ವಾಸನೆ.
ಸಂಜೆ ಇವನೇ ಕೇಳಿದ್ದ:
‘ಅಣ್ಣಾ, ಆಟೀನು ದೊಡ್ಡದೋ ಇಸ್ಪೀಟು ದೊಡ್ಡದೋ?’
ಎರಡೂ ಒಂದೇ ಕಣೋ ಅಂದಿದ್ದೆ,
ಅವನು ನಂಬಿರಲಿಲ್ಲ.

ನನ್ನ ಕೈಯಲ್ಲಿ ಎರಡು ರಾಜ.
ಮೇಜಿನ ಮೇಲೆ ಎರಡು, ನಾಕು, ಹತ್ತು, ರಾಣಿ.
ಹುಡುಗ ಇದ್ದ ಬಿಲ್ಲೆಯೆಲ್ಲ ನೂಕಿದ,
ಗಿರಾಕಿಗೆ ಲೋಟ ಸರಿಸಿದ ಹಾಗೆ.
ನಾನೂ ನೂಕಿದೆ. ಎಲೆ ತೆರೆದರೆ
ಅವನದು ಎರಡು ಏಳು. ಅಷ್ಟೇ.
ಕಾಣದ ಎಲೆ ನಲವತ್ತನಾಲ್ಕು,
ಅವನ್ನು ಉಳಿಸುವವು ಅದರಲ್ಲಿ ಎರಡು.
ಇಷ್ಟು ಲೆಕ್ಕ ಎಲೆ ಬೀಳುವ ಮೊದಲೇ ಮುಗಿಸಿದ್ದೆ;
ಫ್ರಿಜ್ಜು ಇಳಿಸೋಕೆ ಯಾರ ಆಟೋ ಎಂಬುದನ್ನೂ.

ಪಾಲನೇತ್ರ ಕೊನೆಯ ಎಲೆ ಮಗುಚಿದ.
ಡೈಮನ್ ಏಳು.

‘ಅದೃಷ್ಟ’ ಅಂದೆ, ಎಲ್ಲರಿಗೂ ಕೇಳುವಂತೆ.
‘ಬರೀ ಅದೃಷ್ಟ’ ಅಂದೆ ಇನ್ನೊಂದು ಸಲ, ನೀರು ಕುಡಿದು.
ಸುತ್ತ ನಿಂತವರು ಹೌದೆಂದು ತಲೆಯಾಡಿಸಿ
ಹುಡುಗನ ಬೆನ್ನು ತಟ್ಟಲು ಹೋದರು.

ಮೆಟ್ಟಿಲಿಳಿಯುವಾಗ ನೆನಪಾಗಬಾರದ್ದು ನೆನಪಾಯಿತು.
ಒಂಬತ್ತು ಗಂಟೆಗೆ, ವಕೀಲ ಪಂಚಾಕ್ಷರಿಯ ಎದುರು,
ಕನ್ನಡಕ ಮಂಡಿಯಲ್ಲೇ ಬಿಟ್ಟು ಬಂದಿದ್ದ ನಾನು
ಕೈಲಿದ್ದ ಒಂಬತ್ತನ್ನು ಆರು ಅಂದುಕೊಂಡು
ಇದ್ದದ್ದೆಲ್ಲ ನೂಕಿದ್ದೆ.
ಇನ್ನೊಂದು ಒಂಬತ್ತು ತಾನಾಗಿ ಬಂದು ಬಿತ್ತು.
ವಕೀಲರು ಬಾಯಿ ತೆರೆಯುವ ಮೊದಲೇ ಹೇಳಿದ್ದೆ,
‘ಲೆಕ್ಕ, ವಕೀಲರೇ. ಎಲ್ಲ ಲೆಕ್ಕ.’

ಸೈಕಲ್ ಸ್ಟ್ಯಾಂಡಿನವರೆಗೂ ಹುಡುಗ ಹಿಂದೆ ಬಂದ.
‘ಅಣ್ಣಾ, ಏಳಿಟ್ಟುಕೊಂಡು ನೂಕಬಹುದಿತ್ತಾ?’
‘ನೂಕಬಾರದಿತ್ತು.’
‘ಗೆದ್ದೆನಲ್ಲ.’
‘ಆದರೂ ನೂಕಬಾರದಿತ್ತು.’
ಹಣ್ಣು ಕೊಳೆತಿದೆ ಅಂದಾಗ ಗಿರಾಕಿಯನ್ನು ನೋಡುವಂತೆ
ನೋಡಿದ ನನ್ನನ್ನು.

ಬ್ಯಾಗಿನಲ್ಲಿ ಮಾದರಿಗೆಂದು ಇಟ್ಟ ಕಾಯಿಯೊಂದಿತ್ತು,
ಹನ್ನೊಂದು ತಿಂಗಳು ಅಟ್ಟದಲ್ಲಿ ಮಲಗಿ ಇಳಿದದ್ದು.
ತೆಗೆದುಕೊಟ್ಟೆ. ಕುಲುಕಿ ಹೇಳು ನೋಡೋಣ.
ಕುಲುಕಿದ. ಕಿವಿಗಿಟ್ಟ. ಮತ್ತೆ ಕುಲುಕಿದ.
‘ಗೊತ್ತಾಗ್ತಿಲ್ಲ, ಒಡೀಲಾ?’
ಒಡೀಬೇಡ, ಇನ್ನೂ ಒಂದು ಸಲ ಕೇಳು ಅಂದೆ.

ಬಿ.ಎಚ್. ರೋಡಿನಲ್ಲಿ ಲಾರಿಗಳು ಹೋಗುತ್ತಿದ್ದವು.
ಹುಡುಗ ಕಣ್ಣು ಮುಚ್ಚಿ ನಿಂತಿದ್ದ.
ಮೇಲೆ ಯಾರೋ ಅವನ ಫ್ರಿಜ್ಜನ್ನು
ಒಂದೊಂದೇ ಮೆಟ್ಟಿಲು
ಇಳಿಸುತ್ತಿದ್ದರು.